ಹೊಗೆಯಲ್ಲೇ ಕಾರ್ಬನ್ ಹಿಡಿದುಬಿಟ್ಟರೆ ಕಲ್ಲಿದ್ದಲು ಬಿಡುವ ಅವಸರ ಯಾಕೆ?

ನೀವು ಕೇಳಿದ ಇಂಥದ್ದೇ ಪ್ರಶ್ನೆಯನ್ನು ಹನ್ನೆರಡು ವರ್ಷದ ಹಿಂದೆ ನಾನೂ ಕೇಳಿದ್ದೆ, ನಮ್ಮ ಅಣ್ಣನನ್ನು.

ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಕ್ಯುಪೋಲಾ ಎಂಬ ಎತ್ತರದ ಕುಲುಮೆಯಲ್ಲಿ ಕೋಕ್, ಅಂದರೆ ಕಲ್ಲಿದ್ದಲಿನಿಂದ ಮಾಡಿದ ಇಂಧನ ಸುಟ್ಟು ಬೀಡು ಕಬ್ಬಿಣ ಕರಗಿಸುತ್ತಿದ್ದೆವು. ಹೊಗೆ ಜಾಸ್ತಿ ಎಂದು ಅಕ್ಕಪಕ್ಕದವರ ದೂರು ಬಂತು. ಕರೆಂಟಿನಲ್ಲಿ ಕರಗಿಸುವ ಇಂಡಕ್ಷನ್ ಫರ್ನೇಸ್ ಹಾಕೋಣ ಎಂದ ಅಣ್ಣ. ಸುಮ್ನೆ ಅಷ್ಟು ದುಡ್ಡು ಯಾಕೆ, ಚಿಮಣಿಗೆ ಹೊಗೆಯನ್ನು ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್ ಕೂರಿಸಿದರೆ ಸಾಕು ಎಂದು ಹಟ ಹಿಡಿದು ಸಾಲ ಮಾಡಿದೆ.

ಯಂತ್ರದ ಬೆಲೆ ನೋಡಿದೆ, ಅದರ ದಿನದ ಖರ್ಚು ನೋಡಲಿಲ್ಲ. ಹೊಗೆ ಎಳೆಯಲು ದೊಡ್ಡ ಫ್ಯಾನು, ನೀರು ಎತ್ತಲು ಪಂಪು, ಎರಡಕ್ಕೂ ಕರೆಂಟು. ಕೋಕಿನ ಗಂಧಕ ಸೇರಿ ನೀರು ಆಮ್ಲವಾಗಿ ತಗಡನ್ನೇ ತಿನ್ನುತ್ತಿತ್ತು. ಅದಕ್ಕೆ ಸುಣ್ಣ ಹಾಕಬೇಕು. ತೊಟ್ಟಿಯ ತಳದಲ್ಲಿ ಕಪ್ಪು ರಾಡಿ, ಮುಟ್ಟಿದರೆ ಎರಡು ದಿನ ಉಗುರುಸಂದಿಯಿಂದ ಹೋಗುತ್ತಿರಲಿಲ್ಲ. ಇಷ್ಟಾದರೂ ಸಿಕ್ಕಿದ್ದು ಮಸಿ, ದೂಳು, ಒಂದಿಷ್ಟು ಗಂಧಕ. ಕಾರ್ಬನ್ ಡೈಆಕ್ಸೈಡ್ ಹಾಗೇ ಮೇಲೆ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಸಾಲದ್ದು. ಕಂತು ಕಟ್ಟಬೇಕಲ್ಲ, ಹಾಗಾಗಿ ಹೊಸ ಕುಲುಮೆಗೆ ದುಡ್ಡೇ ಉಳಿಯಲಿಲ್ಲ. ಆಗಲೇ ನಿಲ್ಲಿಸಬೇಕಿದ್ದ ಕ್ಯುಪೋಲಾವನ್ನು ಇನ್ನೂ ಐದು ವರ್ಷ ಉರಿಸಿದೆ.

ನೀವು ಹೇಳುವ ಯಂತ್ರ ಕಾರ್ಬನ್ ಅನ್ನೇ ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಅನಿಲ ಹೀರಿಕೊಂಡ ಅಮೀನ್ ಎಂಬ ರಾಸಾಯನಿಕದ ದ್ರಾವಣದಿಂದ ಅದನ್ನು ಮತ್ತೆ ಬಿಡಿಸಲು ಹಬೆ ಬೇಕು. ಆ ಹಬೆಗೂ ಕಲ್ಲಿದ್ದಲೇ ಸುಡಬೇಕಲ್ವಾ? ಕೆನಡಾದ ಬೌಂಡರಿ ಡ್ಯಾಮ್ ಕಲ್ಲಿದ್ದಲು ಸ್ಥಾವರದಲ್ಲಿ 2014ರಿಂದ ಹೀಗೆ ಹಿಡಿಯುತ್ತಿದ್ದಾರೆ. ಹಿಡಿದದ್ದರಲ್ಲಿ ಬಹುಪಾಲು ಹೋಗಿದ್ದು ಹಳೆಯ ಎಣ್ಣೆ ಬಾವಿಗಳಿಗೆ, ಇನ್ನಷ್ಟು ಎಣ್ಣೆ ಹೊರಗೆ ತಳ್ಳಲು! ಇದನ್ನು ಕಲ್ಲಿದ್ದಲು ಬಿಡುವ ದಾರಿ ಎಂದು ನಾನು ಒಪ್ಪುವುದಿಲ್ಲ.

ಈಗ ನಮ್ಮದು ಇಂಡಕ್ಷನ್. ಆ ಕರೆಂಟಿನಲ್ಲಿ ರಾಯಚೂರಿನ ಕಲ್ಲಿದ್ದಲೂ ಇದೆ, ನಿಜ. ಆದರೆ ಶರಾವತಿಯ ನೀರು, ಪಾವಗಡದ ಬಿಸಿಲೂ ಅದೇ ತಂತಿಯಲ್ಲಿ ಬರುತ್ತವೆ. ಬಿಸಿಲಿನ ಪಾಲು ಹೆಚ್ಚಿದಷ್ಟೂ ನಮ್ಮ ಕುಲುಮೆ ಶುದ್ಧವಾಗುತ್ತದೆ, ನಾವು ಒಂದು ಬೋಲ್ಟ್ ಬದಲಿಸಬೇಕಿಲ್ಲ.

ಈ ತಂತ್ರಜ್ಞಾನದಲ್ಲೇ ಕೆಲಸ ಮಾಡುವ ಆಸೆ ನಿಮಗಿದ್ದರೆ ಸಿಮೆಂಟ್ ಕಡೆ ಹೋಗಿ. ಸುಣ್ಣದಕಲ್ಲು ಕಾಯಿಸಿದಾಗ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಯಾವ ಬೆಂಕಿ ಹಾಕಿದರೂ. ಅಲ್ಲಿ ಹಿಡಿಯಲೇಬೇಕು. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಘಟಕ ಶುರುವಾಗಿದೆ. ಮೊದಲು ಅದರ ಬಗ್ಗೆ ಓದಿ.