2010ರ ವಿಶ್ವಕಪ್ ಸಮಯದಲ್ಲಿ ದಕ್ಷಿಣ ಆಫ್ರಿಕಾದ ಬಡ ಟೌನ್‌ಶಿಪ್‌ಗಳಲ್ಲಿ ಸಂಸಾರ ಹೇಗೆ ನಡೀತಿತ್ತು?

ಅಲ್ಲಿನ ಬಡ ಮನೆಗಳಿಗೆ ಫುಟ್‌ಬಾಲ್ ವಿಶ್ವಕಪ್‌ನಿಂದ ಏನಾದರೂ ಲಾಭ ಆಯಿತಾ ಅಂತಲೂ ಕೇಳಿದ್ದೀರಿ. ನಾನು ಆಗ ಕಂಪನಿ ಕೆಲಸದ ಮೇಲೆ ಜೋಹಾನ್ಸ್‌ಬರ್ಗ್‌ನ ಸ್ಯಾಂಡ್‌ಟನ್‌ನಲ್ಲಿದ್ದೆ. ಹೆದ್ದಾರಿ ದಾಟಿದರೆ ಅಲೆಕ್ಸಾಂಡ್ರಾ ಟೌನ್‌ಶಿಪ್, ಅಂದರೆ ಬಡ ಕಪ್ಪು ಜನರ ಬಡಾವಣೆ. ಈ ಕಡೆ ಗಾಜಿನ ಕಟ್ಟಡಗಳು, ಆ ಕಡೆ ತಗಡಿನ ಮನೆಗಳು. ನಮ್ಮ ಆಫೀಸಿನಲ್ಲಿ ಟೀ ಮಾಡಿಕೊಡುತ್ತಿದ್ದವರ ಮನೆ ಅಲ್ಲಿತ್ತು. ಎಲ್ಲರೂ ಅವರನ್ನು 'ಮಾ' ಅಂತ ಕರೆಯುತ್ತಿದ್ದೆವು. ಅವರ ಮನೆಗೆ ಆಗಾಗ ಹೋಗಿ ಬರುತ್ತಿದ್ದೆ. ಹಾಗಾಗಿ ನಾನು ಹೇಳುವುದು ಆ ಒಂದು ಮನೆಯ ವಿಷಯ, ಇಡೀ ದೇಶದ್ದಲ್ಲ.

ಆ ಮನೆಗೆ ವಿಶ್ವಕಪ್‌ನ ಬಿಸಿ ಮೊದಲು ತಟ್ಟಿದ್ದು ಶಾಲೆಯ ರಜೆಯಿಂದ. ಟೂರ್ನಿಗೋಸ್ಕರ ಸರ್ಕಾರ ಚಳಿಗಾಲದ ರಜೆಯನ್ನು ಸುಮಾರು ಐದು ವಾರಕ್ಕೆ ಎಳೆದಿತ್ತು. ಜೂನ್ 9ಕ್ಕೆ ಮುಚ್ಚಿದ ಶಾಲೆ ತೆರೆದದ್ದು ಜುಲೈ 13ಕ್ಕೆ. ಅಲ್ಲೂ ನಮ್ಮ ಬಿಸಿಯೂಟದ ಥರ ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡುತ್ತಾರೆ. ಶಾಲೆ ಇಲ್ಲ ಅಂದರೆ ಮೂರೂ ಮಕ್ಕಳು ಮಧ್ಯಾಹ್ನ ಮನೆಯಲ್ಲೇ ಉಣ್ಣಬೇಕು. ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟಿನ ಗಂಜಿ. ಮಧ್ಯಾಹ್ನ ಅದೇ ಹಿಟ್ಟಿನ ಮುದ್ದೆ, ಅದಕ್ಕೆ 'ಪಾಪ್' ಅಂತಾರೆ, ಜೊತೆಗೆ ಎಲೆಕೋಸು. ತಿಂಗಳಿಡೀ ಬರಬೇಕಾದ ಹಿಟ್ಟಿನ ಚೀಲ ಮೂರನೇ ವಾರಕ್ಕೇ ತಳ ಕಂಡಿತು.

ಸರ್ಕಾರ ಕೊಡುವ ಮಕ್ಕಳ ಸಹಾಯಧನ ಆಗ ತಲೆಗೆ ತಿಂಗಳಿಗೆ 250 ರ‍್ಯಾಂಡ್. ಅಜ್ಜಿಯ ಪಿಂಚಣಿ 1,080. ಸ್ಥಳೀಯರಿಗೆ ಅಂತ ಇಟ್ಟಿದ್ದ ಅತಿ ಅಗ್ಗದ ಟಿಕೆಟ್ಟೇ 140 ರ‍್ಯಾಂಡ್. ಲೆಕ್ಕ ನೀವೇ ಹಾಕಿ. ಆ ಮನೆಯಿಂದ ಯಾರೂ ಸ್ಟೇಡಿಯಂ ಒಳಗೆ ಕಾಲಿಡಲಿಲ್ಲ. ಜೂನ್ 9ರಂದು ಅವರ ತಂಡ, 'ಬಫಾನಾ ಬಫಾನಾ', ಬಸ್ಸಿನ ಮೇಲೆ ನಿಂತು ಸ್ಯಾಂಡ್‌ಟನ್‌ನಲ್ಲಿ ಮೆರವಣಿಗೆ ಹೋಯಿತು. ಮಕ್ಕಳು ಅಲ್ಲಿಯವರೆಗೆ ನಡೆದೇ ಬಂದಿದ್ದರು. ಆಟಗಾರರನ್ನು ಅವರು ಕಣ್ಣಾರೆ ಕಂಡಿದ್ದು ಅವತ್ತೊಂದೇ ದಿನ.

ಮಿಕ್ಕಿದ್ದೆಲ್ಲ ಟಿವಿಯಲ್ಲಿ. ಅದೇನು ಪುಕ್ಕಟೆ ಅಲ್ಲ. ಅಲ್ಲಿ ಕರೆಂಟು ಪ್ರೀಪೇಯ್ಡ್. ಅಂಗಡಿಯಲ್ಲಿ ಚೀಟಿ ಕೊಂಡು, ಅದರ ನಂಬರನ್ನು ಮೀಟರ್‌ಗೆ ಒತ್ತಬೇಕು. ಜೂನ್‌ನಲ್ಲಿ ಅಲ್ಲಿ ಕೊರೆಯುವ ಚಳಿ, ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಹೋಗುತ್ತದೆ. ಹೀಟರ್ ಹಾಕಿದರೆ ರಾತ್ರಿ 8:30ರ ಮ್ಯಾಚಿಗೆ ಯೂನಿಟ್ ಉಳಿಯಲ್ಲ. ಅದಕ್ಕೆ ಟಿವಿಯನ್ನು ಬಾಗಿಲಿಗೆ ತಂದಿಟ್ಟು, ಅಂಗಳದಲ್ಲಿ ಇಂಬಾವುಲಾ ಹೊತ್ತಿಸುತ್ತಿದ್ದರು. ಹಳೆಯ ಡಬ್ಬಕ್ಕೆ ಸುತ್ತಲೂ ತೂತು ಹೊಡೆದು ಕಲ್ಲಿದ್ದಲು ತುಂಬಿದ ಅಗ್ಗಿಷ್ಟಿಕೆ ಅದು. ಒಂದೇ ನಲ್ಲಿ, ಒಂದೇ ಕಕ್ಕಸು ಹಂಚಿಕೊಂಡಿದ್ದ ವಠಾರದ ಸಂಸಾರಗಳೆಲ್ಲ ಅದರ ಸುತ್ತ ಕೂರುತ್ತಿದ್ದವು. ಕರೆಂಟಿನ ಚೀಟಿಗೆ ಸರದಿ ಪ್ರಕಾರ ಚಿಲ್ಲರೆ ಹಾಕುತ್ತಿದ್ದರು.

ಜೂನ್ 11ರ ಮೊದಲ ಮ್ಯಾಚನ್ನು ನಾನೂ ಅಲ್ಲೇ ನೋಡಿದ್ದು. ಎದುರಾಳಿ ಮೆಕ್ಸಿಕೊ. ವುವುಜೆಲಾ ಅನ್ನೋ ಪ್ಲಾಸ್ಟಿಕ್ ತುತ್ತೂರಿ ಊದಿ ಊದಿ ತಲೆ ಚಿಟ್ಟು ಹಿಡಿಸುತ್ತಾರೆ ಅಂತ ಅಜ್ಜಿ, ಅಂದರೆ ಗೋಗೋ, ಮಕ್ಕಳ ಕೈಯಿಂದ ಅದನ್ನು ಕಿತ್ತು ಕಂಬಳಿಯೊಳಗೆ ಇಟ್ಟುಕೊಂಡಿದ್ದರು. 55ನೇ ನಿಮಿಷಕ್ಕೆ ಸೊವೆಟೊದ ಹುಡುಗ ಸಿಫಿವೆ ಚಬಲಾಲಾ ಎಡಗಾಲಲ್ಲಿ ಹೊಡೆದ ನೋಡಿ, 'ಲಡೂಮಾ', ಅಂದರೆ ಗೋಲು, ಅಂತ ವಠಾರವೇ ಎದ್ದು ನಿಂತಿತು. ಗೋಗೋ ಕಂಬಳಿಯಿಂದ ವುವುಜೆಲಾ ತೆಗೆದು ತಾವೇ ಊದಿದರು! ಚೆನ್ನಾಗಿಯೇ ಊದಿದರು.

ಆ ಮ್ಯಾಚು 1-1 ಡ್ರಾ ಆಯಿತು. ಆಮೇಲೆ ಉರುಗ್ವೆ ಕೈಲಿ 3-0 ಸೋಲು, ಫ್ರಾನ್ಸ್ ಮೇಲೆ 2-1 ಗೆಲುವು. ಆದರೂ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಆತಿಥೇಯ ದೇಶಕ್ಕೆ ಹಾಗಾಗಿದ್ದು ಅದೇ ಮೊದಲು. ವಠಾರ ಎರಡು ದಿನ ಸಪ್ಪಗಿತ್ತು. ಮೂರನೇ ದಿನ ಎಲ್ಲರೂ ಆಫ್ರಿಕಾದ್ದೇ ಇನ್ನೊಂದು ತಂಡ ಘಾನಾ ಕಡೆ. 'ಬಘಾನಾ ಬಘಾನಾ' ಅಂತ ಹೊಸ ಹೆಸರೂ ಇಟ್ಟಾಯಿತು.

ನನಗೆ ಕಸಿವಿಸಿ ಆಗಿದ್ದು ಅಲ್ಲೇ. ಕೊನೆಯ ಕೋಣೆಯಲ್ಲಿ ಜಿಂಬಾಬ್ವೆಯ ಗಂಡ ಹೆಂಡತಿ ಬಾಡಿಗೆಗಿದ್ದರು. 2008ರಲ್ಲಿ ಹೊರದೇಶದ ಬಡವರ ಮೇಲಿನ ಹಲ್ಲೆ ಶುರುವಾಗಿದ್ದೇ ಅಲೆಕ್ಸಾಂಡ್ರಾದಿಂದ. ಫೈನಲ್ ಮುಗಿದ ಮೇಲೆ ಮತ್ತೆ ಓಡಿಸ್ತಾರೆ ಅನ್ನೋ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಅವರಿಬ್ಬರೂ ನಮ್ಮ ಜೊತೆ ಕೂತು ಘಾನಾಕ್ಕೆ ಕೂಗುತ್ತಿದ್ದರು, ಒಳಗೆ ಗಂಟುಮೂಟೆ ಕಟ್ಟಿಟ್ಟಿದ್ದರು. ಒಂದು ದಿನ ಮಾ ಅದನ್ನು ನೋಡಿ, ಅವರಿಗೂ ಸೇರಿಸಿ ಪಾಪ್ ಮಾಡಿದರು. ಹಿಟ್ಟಿಗೆ ಅಷ್ಟು ಎಳೆದಾಟ ಇದ್ದಾಗಲೂ.

ಲಾಭದ ಮಾತು ಹೇಳ್ತೀನಿ. ಮಾ ಅವರ ತಮ್ಮ ವಿಮಾನ ನಿಲ್ದಾಣಕ್ಕೆ ಹೋಗುವ ಗೌಟ್ರೇನ್ ಕಾಮಗಾರಿಯಲ್ಲಿ ಕೂಲಿ ಮಾಡುತ್ತಿದ್ದ. ಜೂನ್ 8ಕ್ಕೆ ರೈಲು ಶುರುವಾಯಿತು, ಅಷ್ಟರಲ್ಲಿ ಅವನ ಕೆಲಸ ಮುಗಿದಿತ್ತು. ತಂಗಿ ಮಗ್ವಿನ್ಯಾ ಮಾಡುತ್ತಿದ್ದಳು, ಅಂದರೆ ಎಣ್ಣೆಯಲ್ಲಿ ಕರಿದ ಮೈದಾ ಉಂಡೆ. ಸ್ಟೇಡಿಯಂ ಹತ್ತಿರ ಮಾರೋಣ ಅಂದರೆ ಅಲ್ಲಿ ಪರವಾನಗಿ ಇಲ್ಲದವರನ್ನು ಬಿಡುತ್ತಿರಲಿಲ್ಲ. ಕೊನೆಗೆ ನಮ್ಮ ವಠಾರದಲ್ಲೇ ಹಾಫ್‌ಟೈಮ್‌ನಲ್ಲಿ ಮಾರಿದಳು. ಒಂದಿಷ್ಟು ಕಾಸು ನೋಡಿದವಳು ಅವಳೊಬ್ಬಳೇ.

ವಿಶ್ವಕಪ್ ಇನ್ನೊಂದು ಸಲ ಬಂದರೆ ಬೇಕಾ ಅಂತ ಮಾ ಅವರನ್ನೇ ಕೇಳಿದ್ದೆ. "ನಾಳೆನೇ ಬರಲಿ. ಶಾಲೆ ಮಾತ್ರ ಮುಚ್ಚಬೇಡಿ" ಅಂದರು.