ಅಟ್ಟದಿಂದ ಇಳಿದ ಪಿಂಗಾಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಚೀನೀ ಮತ್ತು ಇಂಗ್ಲಿಷ್ ಪಿಂಗಾಣಿಯ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಒಂದೇ ಸಂಗತಿಯನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ತಾತನವರು ಕೆ.ಜಿ.ಎಫ್. ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸ್ವದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ಅಧಿಕಾರಿಯ ಕುಟುಂಬವೊಂದು ಅವರಿಗೆ ಕೊಟ್ಟ ಟೀ ಸೆಟ್ಟು ಈಗ ನಮ್ಮಲ್ಲಿದೆ. ಆರು ಕಪ್ಪು, ಐದು ಬಸಿ, ಒಂದು ಟೀ ಪಾಟ್ ಉಳಿದಿವೆ. ತಳದಲ್ಲಿ ಕಿರೀಟದ ಚಿತ್ರವೂ ‘ಬೋನ್ ಚೈನಾ, ಮೇಡ್ ಇನ್ ಇಂಗ್ಲೆಂಡ್’ ಎಂಬ ಇಂಗ್ಲಿಷ್ ಅಕ್ಷರಗಳೂ ಇವೆ. ಇದು ನೂರೈವತ್ತು ವರ್ಷ ಹಳೆಯದೆಂದು ಮನೆಯವರೆಲ್ಲ ನಂಬಿದ್ದಾರೆ. ನಿಜವೇ?
– ಓದುಗರು, ರಾಬರ್ಟ್‌ಸನ್‌ಪೇಟೆ

ಉತ್ತರ: ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಕೋಲಾರದ ಚಿನ್ನದ ಗಣಿಗಾರಿಕೆಗೆ ಕೈಹಾಕಿತು, 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. ನಡುವಿನ ಮುಕ್ಕಾಲು ಶತಮಾನದಲ್ಲಿ ಗಣಿ ಬಂಗಲೆಗಳಿಗೆ ಇಂಗ್ಲೆಂಡಿನ ಕಪ್ಪು-ಬಸಿಗಳು ಬರುತ್ತಲೇ ಇದ್ದವಾದ್ದರಿಂದ, ನಿಮ್ಮ ಮನೆಯಲ್ಲಿ ಕೇಳಿಬಂದ ಕಥೆಯನ್ನು ಅನುಮಾನಿಸಲು ಕಾರಣವಿಲ್ಲ. ಆದರೆ ವಯಸ್ಸಿನ ವಿಷಯದಲ್ಲಿ ತಳದ ಮುದ್ರೆ ಬೇರೆಯೇ ಮಾತು ಹೇಳುತ್ತಿದೆ. ಅಮೆರಿಕ ತನ್ನ ಆಮದು ಸರಕುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು 1891ರಿಂದ ಕಡ್ಡಾಯ ಮಾಡಿದ ಮೇಲೆ ಇಂಗ್ಲಿಷ್ ಕಾರ್ಖಾನೆಗಳು ‘ಇಂಗ್ಲೆಂಡ್’ ಎಂದು ಮುದ್ರಿಸತೊಡಗಿದವು. ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಪೂರ್ಣ ರೂಪವೂ, ಮುದ್ರೆಯೊಳಗೆ ‘ಬೋನ್ ಚೈನಾ’ ಎಂಬ ಹೆಸರೂ ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದ ಲಕ್ಷಣಗಳು. ಹಾಗಾಗಿ ನಿಮ್ಮ ಸೆಟ್ಟು ನೂರು ವರ್ಷದ ಆಸುಪಾಸಿನದು ಅಥವಾ ಅದಕ್ಕಿಂತ ಈಚಿನದು ಎಂದು ತಿಳಿಯುವುದು ಕ್ಷೇಮ.

ಇನ್ನಷ್ಟು ನಿಖರವಾಗಿ ತಿಳಿಯಬೇಕಾದರೆ ಭೂತಗನ್ನಡಿ ಹಿಡಿದು ಮುದ್ರೆಯ ಸುತ್ತ ‘ಆರ್‌ಡಿ ನಂಬರ್’ ಎಂದು ಶುರುವಾಗುವ ಅಂಕಿಯೇನಾದರೂ ಇದೆಯೇ ನೋಡಿ. ಇದು ವಿನ್ಯಾಸವನ್ನು ಸರ್ಕಾರದಲ್ಲಿ ನೋಂದಾಯಿಸಿದ ಸಂಖ್ಯೆ. 1884ರಲ್ಲಿ ಒಂದರಿಂದ ಆರಂಭವಾದ ಈ ಎಣಿಕೆ 1900ರ ಹೊತ್ತಿಗೆ ಮೂರೂವರೆ ಲಕ್ಷ ದಾಟಿತ್ತು. ಸಂಖ್ಯೆ ತಿಳಿಸುವುದು ವಿನ್ಯಾಸ ನೋಂದಣಿಯಾದ ವರ್ಷವನ್ನು ಮಾತ್ರ. ಅದೇ ವಿನ್ಯಾಸದ ಕಪ್ಪನ್ನು ಇಪ್ಪತ್ತು ವರ್ಷಗಳ ನಂತರವೂ ಮಾಡಿರಬಹುದು. ಅದಕ್ಕೂ ಹಿಂದೆ, 1842ರಿಂದ 1883ರವರೆಗೆ, ಸಂಖ್ಯೆಗೆ ಬದಲಾಗಿ ನಾಲ್ಕು ಮೂಲೆಗಳಲ್ಲಿ ಅಕ್ಷರ, ಅಂಕಿಗಳಿದ್ದ ವಜ್ರಾಕೃತಿಯ ಗುರುತು ಬಳಕೆಯಲ್ಲಿತ್ತು. ಗಣಿ ಪ್ರದೇಶದ ಮನೆಗಳಲ್ಲಿ ಆ ಗುರುತಿನ ಒಂದೇ ಒಂದು ತಟ್ಟೆ ಸಿಕ್ಕರೂ ಅದು ಸಂತೋಷದ ಸಂಗತಿಯೇ.

ಬೋನ್ ಚೈನಾದ ಗುಣ ಅದರ ಮಣ್ಣಿನಲ್ಲಿದೆ. ಸ್ಟ್ಯಾಫರ್ಡ್‌ಷೈರಿನ ಸ್ಪೋಡ್ ಕಾರ್ಖಾನೆ 1790ರ ದಶಕದಲ್ಲಿ ಹದಗೊಳಿಸಿದ ಪಾಕದಲ್ಲಿ ಸರಿಸುಮಾರು ಅರ್ಧ ಪಾಲು ದನದ ಎಲುಬಿನ ಬೂದಿ, ಉಳಿದರ್ಧ ಬಿಳಿ ಜೇಡಿಮಣ್ಣು ಮತ್ತು ಚೈನಾ ಕಲ್ಲಿನ ಪುಡಿ. ಬಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಬೆರಳಾಡಿಸಿದರೆ ನೆರಳು ಸ್ಪಷ್ಟವಾಗಿ ಕಾಣಬೇಕು. ಬೆಲೆಯ ಬಗ್ಗೆ ಮನೆಯವರ ನಿರೀಕ್ಷೆಯನ್ನು ಸ್ವಲ್ಪ ಇಳಿಸುವುದು ಒಳ್ಳೆಯದು. ಬಸಿಯೊಂದು ಕಡಿಮೆಯಿರುವ ಈಚಿನ ಸೆಟ್ಟಿಗೆ ಹರಾಜಿನಲ್ಲಿ ದೊಡ್ಡ ಮೊತ್ತ ಬರುವುದಿಲ್ಲ.

ಪ್ರಶ್ನೆ: ನೀಲಿ ಬಣ್ಣದಲ್ಲಿ ಮರ, ಸೇತುವೆಯ ಮೇಲೆ ಮೂವರು ಮನುಷ್ಯರು, ಆಕಾಶದಲ್ಲಿ ಎರಡು ಹಕ್ಕಿಗಳಿರುವ ದೊಡ್ಡ ತಟ್ಟೆಯನ್ನು ಗುಜರಿ ಅಂಗಡಿಯೊಂದರಿಂದ ಕೊಂಡೆ. ಇದು ಮುನ್ನೂರು ವರ್ಷದ ಚೀನೀ ತಟ್ಟೆಯೆಂದು ಸ್ನೇಹಿತರು ಹೇಳುತ್ತಾರೆ.
– ಓದುಗರು, ತಿಪಟೂರು

ಉತ್ತರ: ನೀವು ವರ್ಣಿಸಿದ್ದು ಇಂಗ್ಲೆಂಡಿನಲ್ಲಿ ಹುಟ್ಟಿದ ‘ವಿಲ್ಲೋ’ ಚಿತ್ರ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾದಿಂದ ಬರುತ್ತಿದ್ದ ನೀಲಿ-ಬಿಳಿ ತಟ್ಟೆಗಳಿಗೆ ಬೇಡಿಕೆ ಹೆಚ್ಚಿದಾಗ ಸ್ಟ್ಯಾಫರ್ಡ್‌ಷೈರಿನ ಕುಂಬಾರರು ಆ ನೋಟವನ್ನು ಅನುಕರಿಸಿ ಈ ಚಿತ್ರವನ್ನು ರೂಪಿಸಿದರು. ಓಡಿಹೋದ ಪ್ರೇಮಿಗಳು ಹಕ್ಕಿಗಳಾದರೆಂಬ ಕಥೆಯೂ ಇಂಗ್ಲೆಂಡಿನಲ್ಲೇ ಕಟ್ಟಿದ್ದು, ಚೀನಾದ ಯಾವ ಪುರಾಣದಲ್ಲೂ ಇಲ್ಲ. ಅಂದಿನಿಂದ ಇಂದಿನವರೆಗೆ ಇಂಗ್ಲೆಂಡ್, ಜಪಾನ್ ಮುಂತಾದ ಹಲವು ದೇಶಗಳಲ್ಲಿ ಅಸಂಖ್ಯ ಕಾರ್ಖಾನೆಗಳು ಇದನ್ನು ಮುದ್ರಿಸಿವೆ.

ಮುದ್ರಿಸಿವೆ ಎಂದೆ, ಏಕೆಂದರೆ ಇದು ಕೈಯಲ್ಲಿ ಬರೆದದ್ದಲ್ಲ. ತಾಮ್ರದ ಹಲಗೆಯಲ್ಲಿ ಚಿತ್ರವನ್ನು ಕೆತ್ತಿ, ಗೀರುಗಳಲ್ಲಿ ನೀಲಿ ತುಂಬಿ, ತೆಳು ಕಾಗದಕ್ಕೆ ಇಳಿಸಿಕೊಂಡು, ಆ ಕಾಗದವನ್ನು ಹಸಿಯಿರುವಾಗಲೇ ತಟ್ಟೆಗೆ ಒತ್ತಿ, ಮೇಲೆ ಮೆರುಗು ಹಚ್ಚಿ ಸುಡುತ್ತಿದ್ದರು. ಅಂಚಿನ ಬಳ್ಳಿಯ ಪಟ್ಟಿಯನ್ನು ಸುತ್ತಲೂ ನಿಧಾನವಾಗಿ ನೋಡುತ್ತ ಹೋಗಿ: ಎಲ್ಲೋ ಒಂದು ಕಡೆ ಪಟ್ಟಿಯ ಎರಡು ತುದಿಗಳು ಸೇರುವಲ್ಲಿ ಹೂವೊಂದು ಅರ್ಧಕ್ಕೆ ಕತ್ತರಿಸಿರುತ್ತದೆ ಅಥವಾ ಒಂದರ ಮೇಲೊಂದು ಏರಿರುತ್ತದೆ. ಭೂತಗನ್ನಡಿಯಲ್ಲಿ ನೀಲಿಯ ಛಾಯೆಯು ಸಣ್ಣ ಚುಕ್ಕೆಗಳಾಗಿಯೂ ಗೀರುಗಳಾಗಿಯೂ ಒಡೆದು ಕಾಣುತ್ತದೆ. ಚೀನೀ ಕುಂಚದ ಕೆಲಸದಲ್ಲಾದರೋ ಬಣ್ಣ ಒಂದೆಡೆ ಗಾಢವಾಗಿ ನಿಂತು, ಇನ್ನೊಂದೆಡೆ ತೆಳುವಾಗಿ ಹರಿದಿರುತ್ತದೆ.

ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಬೆಳಕು ಹಾಯದಿದ್ದರೆ ಅದು ಮಣ್ಣಿನ ಪಾತ್ರೆಯೇ ಹೊರತು ಪಿಂಗಾಣಿಯಲ್ಲ. ಹಿಂಭಾಗದಲ್ಲಿ ಮೂರು ಸಣ್ಣ ಚುಕ್ಕೆಗಳಿದ್ದರೆ ಅವು ಆವಿಗೆಯೊಳಗೆ ತಟ್ಟೆಗಳನ್ನು ಒಂದಕ್ಕೊಂದು ಅಂಟದಂತೆ ಆನಿಸಿಟ್ಟ ಮೊನೆಗಳ ಗುರುತು. ಕೊಂಡ ಬೆಲೆ ಕಡಿಮೆಯಿದ್ದರೆ ಬೇಸರಪಡಬೇಕಾದ್ದಿಲ್ಲ; ಸಂಗ್ರಹವನ್ನು ಆರಂಭಿಸುವವರಿಗೆ ವಿಲ್ಲೋ ತಟ್ಟೆಗಿಂತ ಒಳ್ಳೆಯ ಪಾಠ ಬೇರೆ ಸಿಗುವುದು ಕಷ್ಟ.

ಪ್ರಶ್ನೆ: ಬೆಂಗಳೂರಿನ ವ್ಯಾಪಾರಿಯೊಬ್ಬರು ತೋರಿಸಿದ ಹೂದಾನಿಯ ತಳದಲ್ಲಿ ಆರು ಚೀನೀ ಅಕ್ಷರಗಳಿವೆ. ಅವು ಕಾಂಗ್‌ಶೀ ಚಕ್ರವರ್ತಿಯ ಮುದ್ರೆಯೆಂದು ಹೇಳಿ ದುಬಾರಿ ಬೆಲೆ ಕೇಳುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಮುದ್ರೆಯನ್ನು ನಂಬಿ ಕೊಳ್ಳಬೇಡಿ. ಇಂಗ್ಲಿಷ್ ಮುದ್ರೆ ಬಹುಮಟ್ಟಿಗೆ ಕಾರ್ಖಾನೆಯ ವಿಳಾಸವಿದ್ದಂತೆ. ಚೀನೀ ಮುದ್ರೆಗೆ ಆ ವಿಶ್ವಾಸಾರ್ಹತೆ ಇಲ್ಲ. ಆರಕ್ಷರದ ಮುದ್ರೆಯನ್ನು ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದಬೇಕು: ಮೊದಲೆರಡು ಅಕ್ಷರ ರಾಜವಂಶದ್ದು, ನಂತರದ ಎರಡು ಚಕ್ರವರ್ತಿಯ ಆಳ್ವಿಕೆಯದು, ಕೊನೆಯೆರಡು ‘ಆ ಕಾಲದಲ್ಲಿ ಮಾಡಿದ್ದು’ ಎಂಬ ಅರ್ಥದವು. ಕಾಂಗ್‌ಶೀ ಆಳ್ವಿಕೆಯ ಕಾಲ 1662ರಿಂದ 1722. ಆದರೆ ಆ ಕಾಲದ ಕೆಲಸವನ್ನು ಗೌರವಿಸಿ, ಅದೇ ಮುದ್ರೆಯನ್ನು ನಂತರದವರು ಧಾರಾಳವಾಗಿ ಬರೆದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗುವಾಂಗ್‌ಶೂ ಆಳ್ವಿಕೆಯಲ್ಲಂತೂ ಕಾಂಗ್‌ಶೀ ಹೆಸರು ಹೊತ್ತ ನೀಲಿ-ಬಿಳಿ ಹೂದಾನಿಗಳು ರಾಶಿರಾಶಿಯಾಗಿ ತಯಾರಾದವು. ಕಾಂಗ್‌ಶೀಯ ಕುಂಬಾರರೂ ತಮಗಿಂತ ಹಿಂದಿನ ಮಿಂಗ್ ಚಕ್ರವರ್ತಿಗಳ ಹೆಸರನ್ನು ಬರೆಯುತ್ತಿದ್ದರು. ಇದನ್ನು ಆ ನಾಡಿನಲ್ಲಿ ಮೋಸವೆಂದು ಎಣಿಸುತ್ತಿರಲಿಲ್ಲ. ಅದೇ ಮುದ್ರೆಯನ್ನು ತೋರಿಸಿ ಇಂದು ಬೆಲೆ ಏರಿಸುವವರ ಕಥೆ ಬೇರೆ.

ಹಾಗಾದರೆ ನೋಡಬೇಕಾದ್ದು ಯಾವುದು? ಹೂದಾನಿ ನಿಲ್ಲುವ ತಳದ ಬಳೆಯನ್ನು. ಅಲ್ಲಿ ಮೆರುಗಿಲ್ಲದೆ ಮಣ್ಣು ಬಯಲಾಗಿರುತ್ತದೆ. ಜಿಯಾಂಗ್‌ಶೀ ಪ್ರಾಂತ್ಯದ ಜಿಂಗ್‌ದೆಝೆನ್ನಿನಲ್ಲಿ 1,300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಸುಟ್ಟ ಒಳ್ಳೆಯ ಪಾತ್ರೆಯ ಬಳೆ ಬೆರಳಿಗೆ ನುಣುಪಾಗಿ ಹತ್ತುತ್ತದೆ. ಮಣ್ಣು ಮೆರುಗನ್ನು ಕೂಡುವ ಗೆರೆಯಲ್ಲಿ ಹಲವು ವೇಳೆ ತೆಳುವಾದ ಕೆಂಗಂದು ಬಣ್ಣ ಕಾಣುತ್ತದೆ. ಇಡೀ ತಳಕ್ಕೆ ಒಂದೇ ಸಮನಾಗಿ ಕಂದು ಬಳಿದಂತಿದ್ದರೆ ಅದು ಚಹಾ ಡಿಕಾಕ್ಷನ್ನಿನಂಥದರಲ್ಲಿ ನೆನೆಸಿ ತಂದ ಮುಪ್ಪಿರಬಹುದು. ಸವೆತವನ್ನೂ ಪರೀಕ್ಷಿಸಿ. ಮೇಜಿನ ಮೇಲೆ ಎಳೆದಾಡಿದ ಹೂದಾನಿ ತಳದಲ್ಲಿಯೂ ಉಬ್ಬಿದ ಭಾಗದಲ್ಲಿಯೂ ಅಡ್ಡಾದಿಡ್ಡಿಯಾಗಿ ಸವೆದಿರುತ್ತದೆ. ಮರಳು ಕಾಗದ ಉಜ್ಜಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗಿರುತ್ತವೆ. ಹೊಳಪು ಎಲ್ಲೆಡೆ ಸಮನಾಗಿ ಮಂಕಾಗಿದ್ದರೆ ಆಮ್ಲ ಹಚ್ಚಿರುವ ಸಂಶಯ ಬರಬೇಕು.

ನಿಜವಾದದ್ದನ್ನು ಕಣ್ಣಿಗೆ ಅಭ್ಯಾಸ ಮಾಡಿಸಿಕೊಳ್ಳದೆ ಇಷ್ಟು ಲಕ್ಷಣಗಳನ್ನು ಓದಿ ಪ್ರಯೋಜನವಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಚೀನೀ ವಿಭಾಗದಲ್ಲಿ ಒಂದು ಪೂರ್ಣ ದಿನ ಕಳೆದು ಬಂದು, ಆಮೇಲೆ ಆ ಹೂದಾನಿಯನ್ನು ಮತ್ತೊಮ್ಮೆ ನೋಡಿ. ನಮ್ಮ ನಾಡಿಗೂ ಚೀನಾದ ಪಿಂಗಾಣಿಗೂ ನಂಟು ಹೊಸದಲ್ಲ: ವಿಜಯನಗರದ ಅವಶೇಷಗಳಲ್ಲಿ, ಮುಖ್ಯವಾಗಿ ನಗರದ ಈಶಾನ್ಯ ಮೂಲೆಯಲ್ಲಿ, ಪುರಾತತ್ತ್ವಜ್ಞರಿಗೆ ಉತ್ತಮ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಅವುಗಳ ಆಧಾರದ ಮೇಲೆ ಅಲ್ಲಿ ಸಿರಿವಂತ ವರ್ತಕರು ವಾಸವಾಗಿದ್ದಿರಬಹುದೆಂದು ಊಹಿಸಲಾಗಿದೆ.

ಪ್ರಶ್ನೆ: ಹಳೆಯ ಪಿಂಗಾಣಿ ಬಟ್ಟಲುಗಳಲ್ಲಿ ಹಬ್ಬದ ದಿನ ಊಟ ಬಡಿಸಬಹುದೇ? ತೊಳೆಯುವುದು ಹೇಗೆ? ಮೂತಿ ಮುರಿದ ಟೀ ಪಾಟನ್ನು ಅಂಟಿಸಬಹುದೇ?
– ಓದುಗರು, ಗೌರಿಬಿದನೂರು ಮತ್ತು ಮುಳಬಾಗಿಲು

ಉತ್ತರ: ಹಳೆಯ ಮೆರುಗಿನಲ್ಲಿಯೂ, ಅದರ ಮೇಲೆ ಬರೆದ ಬಣ್ಣಗಳಲ್ಲಿಯೂ ಸೀಸವಿರುವ ಸಾಧ್ಯತೆ ಇರುವುದರಿಂದ ಸಾರು, ಗೊಜ್ಜು, ಉಪ್ಪಿನಕಾಯಿ, ಮೊಸರಿನಂಥ ಹುಳಿ ಪದಾರ್ಥಗಳನ್ನು ಅವುಗಳಲ್ಲಿ ಬಡಿಸಲೂ ಬಾರದು, ಇಡಲೂ ಬಾರದು. ಹುಳಿ ಸೀಸವನ್ನು ಬಿಡಿಸಿಕೊಳ್ಳುತ್ತದೆ. ದಸರೆಯ ಬೊಂಬೆಗಳ ಜೊತೆ ಅಲಂಕಾರಕ್ಕಿಡಲು ಅಡ್ಡಿಯಿಲ್ಲ.

ತೊಳೆಯುವಾಗ ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಮಡಿಸಿದ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯವಾದ ಸೋಪಿನ ದ್ರವ ಬೆರೆಸಿ, ಒಂದೊಂದಾಗಿ ತೊಳೆಯಿರಿ. ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ, ತಂತಿಯ ನಾರು ಇವು ಚಿನ್ನದ ಗೆರೆಯನ್ನು ಕೆಲವೇ ಸಲಕ್ಕೆ ಅಳಿಸಿಬಿಡುತ್ತವೆ. ಟೀ ಪಾಟನ್ನು ಹಿಡಿಯಿಂದ ಎತ್ತದೆ ಎರಡೂ ಕೈಗಳಲ್ಲಿ ಹೊಟ್ಟೆಯ ಕೆಳಗೆ ಹಿಡಿಯಿರಿ. ಬೆರಳಿನ ಗಂಟಿನಿಂದ ಮೆಲ್ಲನೆ ತಟ್ಟಿದಾಗ ನಾದ ಬರುವ ಬದಲು ಮಂಕಾದ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿರಬಹುದು. ಅಂಥದ್ದನ್ನು ನೀರಿನಲ್ಲಿ ಮುಳುಗಿಸಬೇಡಿ.

ಮುರಿದ ಮೂತಿಗೆ ಕ್ಷಣದಲ್ಲಿ ಹಿಡಿಯುವ ಅಂಗಡಿಯ ಅಂಟನ್ನು ದಯವಿಟ್ಟು ಹಾಕಬೇಡಿ. ತುಂಡನ್ನು ಕಾಗದದಲ್ಲಿ ಸುತ್ತಿಟ್ಟುಕೊಳ್ಳಿ. ಸಂರಕ್ಷಣಾ ತಜ್ಞರು ಬಳಸುವ ಪ್ಯಾರಲಾಯ್ಡ್ ಬಿ-72ರಂಥ ಅಂಟು ಅಸಿಟೋನಿನಲ್ಲಿ ಕರಗುವುದರಿಂದ, ಜೋಡಣೆ ಓರೆಯಾದರೆ ಬಿಚ್ಚಿ ಮತ್ತೆ ಕೂಡಿಸಬಹುದು.

ಪ್ರಶ್ನೆ: ಅಜ್ಜಿಯ ಕಾಲದ ಚೀನೀ ತಟ್ಟೆಗಳನ್ನು ವಿದೇಶದಲ್ಲಿರುವ ಮಗಳಿಗೆ ಕಳುಹಿಸಲು ಕಾನೂನಿನ ತೊಡಕಿದೆಯೇ?
– ಓದುಗರು, ತುಮಕೂರು

ಉತ್ತರ: ಇದೆ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ಕಲಾ ಮತ್ತು ಕುಶಲ ವಸ್ತುಗಳು ಅದರ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ದೇಶದಿಂದ ಹೊರಗೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೂ ಅದು ನೇಮಿಸಿದ ಸಂಸ್ಥೆಗೂ ಮಾತ್ರ ಇದೆ. ಚೀನಾದಲ್ಲಿ ಮಾಡಿದ್ದೆಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಇಂಥ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ನಿಮ್ಮ ತಟ್ಟೆಗಳು ನೂರು ವರ್ಷದೊಳಗಿನವು ಎನ್ನಿಸಿದರೆ ಪಾರ್ಸೆಲ್ ಕಟ್ಟುವ ಮೊದಲೇ ಅವುಗಳ ಎಲ್ಲ ಬದಿಯ ಛಾಯಾಚಿತ್ರಗಳೊಂದಿಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಬೆಂಗಳೂರು ಕಚೇರಿಯನ್ನು ವಿಚಾರಿಸಿ, ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಪಡೆದುಕೊಳ್ಳಿ.