ಸಕ್ಕರೆ, ಹೃದಯ, ಕಿಡ್ನಿ ಕಾಯಿಲೆ ಮೂರೂ ಇರುವ, ಗದಗಿನಲ್ಲಿರುವ ನಮ್ಮ ತಂದೆಯವರನ್ನು ಮೇಲಿಂದ ಮೇಲೆ ಹುಬ್ಬಳ್ಳಿಗೆ ಅಡ್ಮಿಟ್ ಮಾಡಬೇಕಾಗುತ್ತಿದೆ. ಮೂವರು ಡಾಕ್ಟರು ನೋಡುತ್ತಿದ್ದರೂ ಹೀಗೇಕೆ?

ಮೂವರಲ್ಲಿ ಒಬ್ಬರೂ ಪೂರ್ತಿ ಔಷಧಿ ಪಟ್ಟಿ ನೋಡುತ್ತಿಲ್ಲದಿರಬಹುದು. ಮೇಲಿಂದ ಮೇಲೆ ಅಡ್ಮಿಟ್ ಆಗಲು ಇದು ದೊಡ್ಡ ಕಾರಣ, ಮೊದಲು ಸರಿಪಡಿಸಬಹುದಾದದ್ದೂ ಇದೇ.

ಉದಾಹರಣೆಗೆ, ಸಕ್ಕರೆ ಇಳಿಸುವ ಗುಳಿಗೆ ಗ್ಲಿಮೆಪಿರೈಡ್ ಒಂದೇ, ಬ್ರ್ಯಾಂಡ್ ಹೆಸರು ಎರಡು. ಹಳೆಯ ಚೀಟಿಯದ್ದೂ ಹೊಸದ್ದೂ ಸೇರಿ ದುಪ್ಪಟ್ಟು ಡೋಸ್. ಕಿಡ್ನಿ ಸೋತಾಗ ಸಕ್ಕರೆ ಇಳಿಸುವ ಔಷಧಿ ದೇಹದಿಂದ ಬೇಗ ಹೊರಹೋಗದು. ರಾತ್ರಿ ಸಕ್ಕರೆ ಕುಸಿಯುತ್ತದೆ. ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಇನ್ನೂ ಕೆಟ್ಟದ್ದು: ಕಿಡ್ನಿಗೆ ರಕ್ತ ಕಡಿಮೆ ಮಾಡಿ, ಉಪ್ಪು-ನೀರು ಹಿಡಿದಿಟ್ಟು, ದುರ್ಬಲ ಹೃದಯದವರಿಗೆ ಏದುಸಿರು ತರುತ್ತದೆ.

ಗದಗಿನಲ್ಲೇ ಒಬ್ಬ ಫಿಜಿಶಿಯನ್ ಅವರನ್ನು ಮುಖ್ಯ ಡಾಕ್ಟರಾಗಿ ಇಟ್ಟುಕೊಳ್ಳಿ. ಮನೆಯಲ್ಲಿರುವ ಎಲ್ಲ ಗುಳಿಗೆ, ಇನ್ಸುಲಿನ್, ಕಷಾಯದ ಬಾಟಲಿ ಸಹಿತ ಚೀಲಕ್ಕೆ ಹಾಕಿ ತೋರಿಸಿ, ಒಂದೇ ಹಾಳೆಯಲ್ಲಿ ಪಟ್ಟಿ ಬರೆಸಿ. ಹುಬ್ಬಳ್ಳಿಯ ತಜ್ಞರು ಏನು ಬದಲಿಸಿದರೂ ಅದೇ ಹಾಳೆಯಲ್ಲಿ ಬರೆಯಲಿ. ಡಿಸ್ಚಾರ್ಜ್ ಆದ 7 ದಿನದೊಳಗೆ ಮತ್ತೆ ತೋರಿಸಿ. ಗುಳಿಗೆ ಅದಲುಬದಲಾಗುವುದು ಹೆಚ್ಚಾಗಿ ಆ ವಾರದಲ್ಲೇ.

ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. 3 ದಿನದಲ್ಲಿ 2 ಕಿಲೋ ಏರಿದರೆ ಅದು ನೀರು, ಕೊಬ್ಬಲ್ಲ. ಕಾಲು ಬಾಯುವವರೆಗೆ ಕಾಯದೆ ಅಂದೇ ಮುಖ್ಯ ಡಾಕ್ಟರಿಗೆ ಫೋನ್ ಮಾಡಿ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಮುಖ್ಯವಾಗಿ ಅಡ್ಮಿಟ್ ಆದಾಗ. ತಿಂಗಳ ಗುಳಿಗೆಗೆ ಜನೌಷಧಿ ಅಂಗಡಿಯೇ ಅಗ್ಗ. ಸಾಲ್ಟ್ ಹೆಸರು (ಬ್ರ್ಯಾಂಡ್ ಅಲ್ಲ, ಔಷಧಿಯ ಮೂಲ ಹೆಸರು), ಮಿಲಿಗ್ರಾಂ ಎರಡನ್ನೂ ಪಟ್ಟಿಗೆ ತಾಳೆ ಹಾಕಿ ಕೊಳ್ಳಿ.